ಒಂಟಿ ಕೈ ಕಟ್ಟಿದ ಆಟಗಳು

ಸಿಂಧನೂರಿನ ಬಸ್ ನಿಲ್ದಾಣದಲ್ಲಿ, ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಹೋಗುವ ಬಸ್ಸಿಗಾಗಿ ಕಾದು ಕುಳಿತವರನ್ನು ನೀವು ಒಮ್ಮೆ ಗಮನಿಸಿ ನೋಡಬೇಕು. ಹತ್ತು ಜನರಲ್ಲಿ ಆರೇಳು ಜನ ತಲೆ ತಗ್ಗಿಸಿ ಅಂಗೈಯನ್ನೇ ನೋಡುತ್ತಿರುತ್ತಾರೆ. ಅವರಲ್ಲಿ ಇಬ್ಬರು ಮೂವರಾದರೂ ಮೊಬೈಲು ಆಟದಲ್ಲಿ ತೊಡಗಿದವರು. ಪಕ್ಕದಲ್ಲಿ ಕುಳಿತು "ಕಾಲ ಕೆಟ್ಟಿತು" ಎಂದು ನಿಟ್ಟುಸಿರು ಬಿಡುವ ಹಿರಿಯರೂ ಇರುತ್ತಾರೆ. ಆದರೆ ಆ ಹಿರಿಯರ ಅಜ್ಜಂದಿರು ಇದೇ ದಾರಿಯ ಊರುಗಳ ಗುಡಿಕಟ್ಟೆಗಳ ಮೇಲೆ ಹೀಗೆಯೇ ತಲೆ ತಗ್ಗಿಸಿ ಕುಳಿತವರಲ್ಲವೆ? ಅವರ ಮುಂದಿದ್ದುದು ಕಲ್ಲಿನ ಮೇಲೆ ಗೀರಿದ ಮನೆಗಳು; ಇವರ ಮುಂದಿರುವುದು ಬೆಳಗುವ ಗಾಜು. ತಲೆ ತಗ್ಗಿಸಿದ್ದು ತಪ್ಪೋ ಒಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ತಲೆ ತಗ್ಗಿಸಿ ನೋಡುವಷ್ಟು ಯೋಗ್ಯತೆ ಆ ಆಟಕ್ಕೆ ಇದೆಯೆ ಎಂಬುದೇ ಇಲ್ಲಿಯ ಪ್ರಶ್ನೆ. ಅದರಲ್ಲಿಯೂ ದೊಡ್ಡ ಕಂಪೆನಿಯ ಆಸರೆಯಿಲ್ಲದೆ ಒಬ್ಬಿಬ್ಬರು, ಹೆಚ್ಚೆಂದರೆ ಐದಾರು ಜನ ಕೂಡಿ ಕಟ್ಟಿದ ಆಟಗಳ ಗುಣವನ್ನು ನಾವು ಅಳೆಯುವುದು ಹೇಗೆ? ಇದಕ್ಕೆ ಉತ್ತರವನ್ನು ಚರಿತ್ರೆಯಲ್ಲಿಯೇ ಹುಡುಕೋಣ.

ನಮ್ಮ ಸೀಮೆ ಕಲ್ಲಿನ ಮೇಲೆ ಗೀರುವುದರಲ್ಲಿ ಬಹು ಹಳೆಯದು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಕುಟ್ಟಿ ಮೂಡಿಸಿದ ದನಗಳ ಚಿತ್ರಗಳಿವೆ. ಈಗ ತಾನೂ ಒಂದು ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಕಂಡ ಶಾಸನವನ್ನು ನೀವೆಲ್ಲ ಬಲ್ಲಿರಿ. ಅದುವರೆಗೆ 'ದೇವಾನಾಂಪ್ರಿಯ' ಎಂದಷ್ಟೇ ತಿಳಿದಿದ್ದ ಅರಸನು ಅಶೋಕನೇ ಎಂಬುದು ಅಲ್ಲಿ ಅವನ ಹೆಸರು ಕಂಡಾಗ ಖಚಿತವಾಯಿತು. ಅರಸನ ಬಂಡೆಯಲ್ಲಿ ಹೆಸರು ಸಿಕ್ಕಿತು. ಆದರೆ ಕಟ್ಟೆಯ ಮೇಲೆ ಆಟದ ಮನೆ ಗೀರಿದವನ ಹೆಸರು ಎಲ್ಲಿಯೂ ಇಲ್ಲ. ಹಂಪೆಯ ಮಂಟಪಗಳ ನೆಲಹಾಸಿನಲ್ಲಿ ಇಂತಹ ಗೀರುಗಳು ಹಲವು ಕಡೆ ಇಂದಿಗೂ ಕಾಣುತ್ತವೆ. ಯಾವ ಕಾವಲಿನವನೋ, ಯಾವ ಕಲ್ಲುಕುಟಿಗನೋ ಬಿಡುವಿನಲ್ಲಿ ಉಳಿ ಹಿಡಿದು ಗೀರಿದನು, ಆಡಿದನು, ಎದ್ದು ಹೋದನು.

ಆ ಗೀರುಗಳಲ್ಲಿ ಹುಲಿ-ಕುರಿಯ ಆಟವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ತ್ರಿಕೋನದ ಮೇಲೆ ಅಡ್ಡಗೆರೆಗಳನ್ನು ಎಳೆದು 23 ಸಂಧಿಗಳನ್ನು ಮಾಡುವ ರೂಪವೊಂದು ದಕ್ಷಿಣದೇಶದಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಹುಲಿಗೆ ಕಲ್ಲು, ಕುರಿಗೆ ಹುಣಸೆಬೀಜ, ಬಂಡವಾಳವೆಂದರೆ ಇಷ್ಟೇ. ಕುರಿಗಳನ್ನು ಒಂದೊಂದಾಗಿ ಇಡುತ್ತ ಹೋಗಬೇಕು. ಎಲ್ಲವನ್ನೂ ಇಟ್ಟು ಮುಗಿಯುವವರೆಗೆ ಯಾವ ಕುರಿಯನ್ನೂ ಕದಲಿಸುವಂತಿಲ್ಲ. ಕುರಿಯ ಆಚೆಯ ಸಂಧಿ ಬರಿದಾಗಿದ್ದರೆ ಹುಲಿ ಅದನ್ನು ಹಾರಿ ತಿನ್ನುತ್ತದೆ. ಹುಲಿಗೆ ಹೆಜ್ಜೆಯಿಡಲು ಎಡೆಯಿಲ್ಲದಂತೆ ಸುತ್ತುಗಟ್ಟಿದರೆ ಕುರಿಯವನು ಗೆದ್ದಂತೆ. ಇಬ್ಬರ ಬಲವೂ ಬೇರೆ, ಇಬ್ಬರ ಗುರಿಯೂ ಬೇರೆ. ಆದರೂ ಇಬ್ಬರಿಗೂ ಗೆಲ್ಲುವ ಆಸೆ ಕೊನೆಯತನಕ ಉಳಿದಿರುತ್ತದೆ. ಇದೇನು ಸಾಮಾನ್ಯ ಸಂಗತಿಯಲ್ಲ. ಕುರಿ 10 ಆದರೆ ಹುಲಿಯವನಿಗೆ ಹೋರಾಟವಿಲ್ಲ. 25 ಆದರೆ ಅವನಿಗೆ ಉಸಿರಾಡಲು ಜಾಗವಿಲ್ಲ. ನೇಪಾಳದ ಬಾಘ್-ಚಾಲ್ ಇದರ ಸೋದರ ಸಂಬಂಧಿ: 25 ಸಂಧಿ, 4 ಹುಲಿ, 20 ಆಡು. ಗಣಕಯಂತ್ರದ ವಿದ್ವಾಂಸರಿಬ್ಬರು ಆ ಆಟವನ್ನು ಯಂತ್ರಕ್ಕೆ ಕೊಟ್ಟು ಲೆಕ್ಕ ಹಾಕಿಸಿದಾಗ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ, ಆಟ ಸಮವಾಗಿ ನಿಲ್ಲುತ್ತದೆ ಎಂದು ತಿಳಿದುಬಂತು. ಯಂತ್ರ ಬಹಳ ಬೆವರಿ ಕಂಡದ್ದನ್ನು ಕುರಿ ಕಾಯುವವರು ಬೀಜಗಳನ್ನು ಏರಿಸುತ್ತ ಇಳಿಸುತ್ತ, ತಲೆಮಾರುಗಳ ಕಾಲ ಆಡಿ ಆಡಿಯೇ ಕಂಡುಕೊಂಡಿದ್ದರು. ಇಂದಿನ ಆಟಗಾರಿಕೆಯ ಶಾಸ್ತ್ರದಲ್ಲಿ ಇದನ್ನು 'ಸಮತೋಲ' ಎನ್ನುತ್ತಾರೆ.

ಚೌಕಾಬಾರದಲ್ಲಿಯೂ ಇಂತಹದೇ ಹದವಿದೆ. ಐದೈದು ಮನೆಗಳ ಚೌಕ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಅಂದರೆ ಬಾರ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ಒಂದೇ ಕಟ್ಟಳೆಯಿಂದ ಹೆದರಿ ಓಡುವವನೂ ತಿರುಗಿ ನಿಲ್ಲಬೇಕಾಗುತ್ತದೆ. ಅದೃಷ್ಟ ಅರ್ಧ, ಎಣಿಕೆ ಅರ್ಧ. ಅಳಗುಳಿಮಣೆಯಲ್ಲಿ ಅದೃಷ್ಟವೇ ಇಲ್ಲ, ಎಲ್ಲವೂ ಎಣಿಕೆ. ನವಕಂಕರಿಯ ವಿಷಯ ಬರೆಯಲು ಹೊರಟರೆ ಈ ಸಂಚಿಕೆಯ ಪುಟಗಳೇ ಸಾಲವು. ಒಂದು ಮಾತನ್ನು ಮಾತ್ರ ಗಮನದಲ್ಲಿಡಬೇಕು. ಈ ಆಟಗಳನ್ನು ಕಟ್ಟಿದವರಿಗೆ ಅವುಗಳಿಂದ ಒಂದು ಕಾಸೂ ಬರುತ್ತಿರಲಿಲ್ಲ. ಆದ್ದರಿಂದ ಆಡುವವನನ್ನು ಹಿಡಿದು ಕೂಡಿಸುವ ಹಂಬಲವೂ ಅವರಿಗಿರಲಿಲ್ಲ. ಆಟ ಚೆನ್ನಾಗಿದ್ದರೆ ಉಳಿಯಿತು, ಇಲ್ಲದಿದ್ದರೆ ಮರೆತುಹೋಯಿತು.

ಅರಸುಮನೆತನಗಳಲ್ಲಿಯೂ ಆಟದ ಚಿಂತನೆ ನಡೆದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕ್ರೀಡೆಗಳಿಗಾಗಿಯೇ ಒಂದು ವಿಂಶತಿಯನ್ನು, ಎಂದರೆ ಇಪ್ಪತ್ತು ಅಧ್ಯಾಯಗಳ ಒಂದು ಭಾಗವನ್ನು, ಮೀಸಲಿಟ್ಟಿದ್ದಾನೆ. ಅವನಿಗಿಂತ ನಮ್ಮ ವಿಷಯಕ್ಕೆ ಹತ್ತಿರದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ರಾಜ್ಯಭಾರ ಬ್ರಿಟಿಷರ ಕೈಸೇರಿದ ಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ ಅವರ ಬುದ್ಧಿ ಕಾವ್ಯ, ಚಿತ್ರ, ಸಂಗೀತ, ಆಟಗಳಲ್ಲಿ ಹರಿಯಿತು. ಮಣೆಯಾಟಗಳನ್ನೂ ಗಂಜೀಫದ ಎಲೆಯಾಟಗಳನ್ನೂ ಅವರು ತಾವೇ ಹೊಸದಾಗಿ ಹೆಣೆದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಆಟದೆಲೆಗಳ ವಿವರಗಳಿವೆ. ಅವರು ಕಲ್ಪಿಸಿದ ಒಂದು ಆಟಕ್ಕೆ 360 ಎಲೆಗಳು ಬೇಕು! ಅರಮನೆಯ ಚಿತ್ರಗಾರರು ಅವನ್ನು ಬರೆದ ಚೆಲುವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಅವು ಜನರ ಬಾಯಿಗೂ ಕೈಗೂ ಬರಲಿಲ್ಲ. ಹುಣಸೆಬೀಜದ ಹುಲಿ-ಕುರಿ ಉಳಿಯಿತು, 360 ಎಲೆಗಳ ಆಟ ಸಂಗ್ರಹಾಲಯ ಸೇರಿತು. ಕಟ್ಟಳೆಗಳು ಹೆಚ್ಚಾದಷ್ಟೂ ಆಟ ಹಿರಿದಾಗುತ್ತದೆ ಎಂದು ತಿಳಿಯುವುದು ದೊಡ್ಡವರಿಗೂ ತಪ್ಪದ ಭ್ರಮೆ ಎಂದು ತೋರುತ್ತದೆ.

ಆದರೆ ಮುಮ್ಮಡಿಯವರ ಒಂದು ವಿನೋದ ಒಬ್ಬನೇ ಆಡತಕ್ಕದ್ದು: ಚದುರಂಗದ ಮಣೆಯಲ್ಲಿ ಕುದುರೆಯನ್ನು ನಡೆಸುತ್ತ, ಒಂದು ಮನೆಯನ್ನೂ ಎರಡು ಸಲ ಮುಟ್ಟದೆ 64 ಮನೆಗಳನ್ನೂ ಸುತ್ತಿಬರುವುದು. ಇದಕ್ಕೆ ಕಾವ್ಯಮೀಮಾಂಸೆಯಲ್ಲಿ ಹಳೆಯ ನಂಟಿದೆ. 9ನೆಯ ಶತಮಾನದ ರುದ್ರಟನ 'ಕಾವ್ಯಾಲಂಕಾರ'ದಲ್ಲಿ ತುರಗಪದಬಂಧವೆಂಬ ಚಿತ್ರಕವಿತ್ವ ಬರುತ್ತದೆ. ಅನುಷ್ಟುಪ್ ಶ್ಲೋಕಕ್ಕೆ ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ, ಒಟ್ಟು 32. ಅದು ಸರಿಯಾಗಿ ಅರ್ಧ ಚದುರಂಗಮಣೆ! ಮನೆಗೊಂದು ಅಕ್ಷರ ಬರೆದು, ಕುದುರೆ ನಡೆದ ಕ್ರಮದಲ್ಲಿ ಓದಿದರೆ ಮತ್ತೆ ಅರ್ಥವುಳ್ಳ ಶ್ಲೋಕವೇ ದೊರೆಯಬೇಕು. ಈ ಅಕ್ಷರಮನೆಗಳನ್ನು ನೆನಪಿನಲ್ಲಿಡಿ. ಮುಂದೆ ಮೊಬೈಲಿನಲ್ಲಿ ಇವು ಮತ್ತೆ ಬರಲಿವೆ.

ಇನ್ನು ಫೋನಿಗೆ ಬರೋಣ. 1997ರಲ್ಲಿ ಫಿನ್‌ಲೆಂಡಿನ ನೋಕಿಯಾ ಕಂಪೆನಿಯ 6110 ಎಂಬ ಫೋನಿನಲ್ಲಿ 'ಸ್ನೇಕ್' ಎಂಬ ಹಾವಿನ ಆಟ ಬಂದಿತು. ಅದನ್ನು ಫೋನಿಗೆ ಹೊಂದಿಸಿ ಬರೆದವನು ಟಾನೆಲಿ ಅರ್ಮಾಂಟೊ ಎಂಬ ಎಂಜಿನಿಯರ್. ಹಾವು ತಿಂದಷ್ಟೂ ಬೆಳೆಯುತ್ತದೆ. ಬೆಳೆದಷ್ಟೂ ತನ್ನ ಮೈಯೇ ತನಗೆ ಅಡ್ಡವಾಗುತ್ತದೆ. ಗೆದ್ದ ಗೆಲುವೇ ಮುಂದಿನ ತೊಡಕಾಗುವ ಈ ಯುಕ್ತಿ ಹಳ್ಳಿಯ ಯಾವ ಗಟ್ಟಿ ಆಟಕ್ಕೂ ಕಡಿಮೆಯದಲ್ಲ. 2003ರಲ್ಲಿ ಬಂದ ನೋಕಿಯಾ 1100 ನಮ್ಮ ಹಳ್ಳಿಗಳ ಅಂಗಿಜೇಬುಗಳಿಗೆಲ್ಲ ಈ ಹಾವನ್ನು ತಂದಿತು. ಆದರೆ ಆ ಕಾಲದಲ್ಲಿ ಫೋನಿಗೆ ಆಟ ಹಾಕುವ ಬೀಗದ ಕೈ ಕಂಪೆನಿಗಳ ಬಳಿ ಇತ್ತು. ಹೊರಗಿನ ಒಬ್ಬ ಹುಡುಗ ಎಷ್ಟು ಜಾಣನಾದರೂ ತನ್ನ ಆಟವನ್ನು ನಿಮ್ಮ ಕೈಗೆ ಮುಟ್ಟಿಸುವ ದಾರಿ ಬಲು ಇಕ್ಕಟ್ಟಾಗಿತ್ತು.

ಆ ಬಾಗಿಲು ತೆರೆದದ್ದು 2008ರ ಜುಲೈ 10ರಂದು. ಅಂದು ಅಮೆರಿಕದ ಆಪಲ್ ಕಂಪೆನಿ ತನ್ನ 'ಆಪ್ ಸ್ಟೋರ್' ಎಂಬ ಅಂಗಡಿಯನ್ನು ಸುಮಾರು 500 ಸರಕುಗಳೊಡನೆ ತೆರೆಯಿತು. ಅದೇ ವರ್ಷ ಆಂಡ್ರಾಯ್ಡ್ ಫೋನುಗಳ ಅಂಗಡಿಯೂ ಬಂದಿತು. ಆಟ ಬರೆದವನು ಯಾವ ಊರಿನವನಾದರೂ ಸರಿ, ಅಂಗಡಿಯಲ್ಲಿಡಬಹುದು; ಮಾರಿದ ಹಣದಲ್ಲಿ ನೂರಕ್ಕೆ 70 ಅವನಿಗೆ, 30 ಅಂಗಡಿಯವನಿಗೆ ಎಂಬುದು ಆಗಿನ ಕಟ್ಟಳೆಯಾಗಿತ್ತು. ಇದು ಕಟ್ಟೆಯ ಕಲ್ಲಿಗೂ ಅರಮನೆಯ ಚಿತ್ರಶಾಲೆಗೂ ಇಲ್ಲದ ಮೂರನೆಯ ಬಗೆ. ಕಟ್ಟೆಯವನು ಆಟದಿಂದ ಹೊಟ್ಟೆ ಹೊರೆಯಬೇಕಾಗಿರಲಿಲ್ಲ, ದೊರೆಗೆ ಬೊಕ್ಕಸವಿತ್ತು, ಈ ಮೂರನೆಯವನಾದರೋ ಆಟದಿಂದಲೇ ಬದುಕಬೇಕು. ಅಂಗಡಿಯಲ್ಲಿ ಸರಕು ಲಕ್ಷಗಟ್ಟಲೆ ತುಂಬುತ್ತ ಬಂದಂತೆ ಬೆಲೆ ಇಳಿಯಿತು, ಕೊನೆಗೆ 'ಪುಕ್ಕಟೆ' ಎಂಬುದೇ ಬೆಲೆಯಾಯಿತು. ಪುಕ್ಕಟೆಯ ಆಟದಲ್ಲಿ ಹಣ ಬರುವುದು ಜಾಹೀರಾತಿನಿಂದ, ಇಲ್ಲವೆ ಆಟದ ನಡುವೆ ಕಾಸು ಕೀಳುವುದರಿಂದ. ಎರಡಕ್ಕೂ ನೀವು ಹೆಚ್ಚು ಹೊತ್ತು ಕುಳಿತಿರಬೇಕು. ಸ್ವತಂತ್ರ ಆಟಗಳ ಗುಣಾವಗುಣಗಳ ಕಥೆಯೆಲ್ಲ ಈ ಒಂದು ಗಂಟಿನ ಸುತ್ತ ನಡೆದಿದೆ ಎಂದು ನನ್ನ ಅಭಿಪ್ರಾಯ.

ಉದಾಹರಣೆಗೆ ವಿಯೆಟ್ನಾಮಿನ ಹನೋಯ್ ನಗರದ ಡಾಂಗ್ ನುಯೆನ್ ಎಂಬ ತರುಣನ ಕಥೆ ಕೇಳಿ. 2013ರ ಮೇ ತಿಂಗಳಲ್ಲಿ ಅವನು 'ಫ್ಲಾಪಿ ಬರ್ಡ್' ಎಂಬ ಆಟವನ್ನು ಅಂಗಡಿಗಿಟ್ಟನು. ಕಟ್ಟಲು ಹಿಡಿದದ್ದು ಎರಡು ಮೂರು ದಿನ. ಗಾಜನ್ನು ಮುಟ್ಟಿದರೆ ಹಕ್ಕಿ ರೆಕ್ಕೆ ಬಡಿಯುತ್ತದೆ, ಬಿಟ್ಟರೆ ಬೀಳುತ್ತದೆ. ಹಸಿರು ಕೊಳವೆಗಳ ಸಂದಿನಲ್ಲಿ ಅದನ್ನು ಹಾರಿಸಿಕೊಂಡು ಹೋಗಬೇಕು. ಅಷ್ಟೇ. ಹಲವು ತಿಂಗಳು ಯಾರೂ ಕೇಳಲಿಲ್ಲ. 2014ರ ಆರಂಭದಲ್ಲಿ ಅದು ಇದ್ದಕ್ಕಿದ್ದಂತೆ ಜಗತ್ತಿನ ತುಂಬ ಹಬ್ಬಿತು. ಜಾಹೀರಾತಿನಿಂದ ದಿನಕ್ಕೆ ಸುಮಾರು 50,000 ಡಾಲರು ಬರುತ್ತಿದೆಯೆಂದು ಅವನೇ ಹೇಳಿದನು. 2014ರ ಫೆಬ್ರವರಿ 10ರಂದು, ಆದಾಯ ಹೀಗೆ ಹರಿಯುತ್ತಿರುವಾಗಲೇ, ಅವನು ಆ ಆಟವನ್ನು ಅಂಗಡಿಯಿಂದ ತೆಗೆದುಬಿಟ್ಟನು. ನಾಲ್ಕು ನಿಮಿಷ ಬಿಡುವಿದ್ದಾಗ ಆಡಲೆಂದು ಮಾಡಿದ್ದು ಜನರಿಗೆ ಚಟವಾಯಿತು, ಅದಕ್ಕಾಗಿ ತೆಗೆದೆ ಎಂಬುದು ಅವನು ಕೊಟ್ಟ ಕಾರಣ. ದುಡಿಯುವ ಎತ್ತನ್ನು ಕೊಟ್ಟಿಗೆಯಿಂದ ಹೊರಗೆ ಬಿಟ್ಟವನನ್ನು ನಾವು ಎಲ್ಲಿ ಕಂಡಿದ್ದೇವೆ? ಅವನ ಆಟ ಉತ್ತಮವೆಂದು ನಾನು ಹೇಳಲಾರೆ. ಅದರಲ್ಲಿ ಎಣಿಕೆಗೆ ಕೆಲಸವಿಲ್ಲ, ಬೆರಳಿಗೆ ಮಾತ್ರ. ಆದರೆ ತನ್ನ ಆಟ ಆಡುವವನಿಗೆ ಏನು ಮಾಡುತ್ತಿದೆ ಎಂದು ಕಟ್ಟಿದವನೇ ತಿರುಗಿ ನೋಡಿದ ಪ್ರಸಂಗ ಇದು. ಅವನು ತೆಗೆದ ಮರುದಿನದಿಂದ ನಕಲುಗಳು ದಿನಕ್ಕೆ ಹತ್ತಾರರಂತೆ ಅಂಗಡಿಗೆ ಬಂದವು. 2024ರಲ್ಲಿ ಬೇರೆಯವರು ಆ ಹೆಸರಿನಲ್ಲಿಯೇ ಆಟ ತರುವುದಾಗಿ ಸಾರಿದಾಗ, ಇದಕ್ಕೂ ನನಗೂ ಸಂಬಂಧವಿಲ್ಲ ಎಂದು ಅವನು ಹೇಳಬೇಕಾಯಿತು.

ನಕಲಿನ ಮಾತು ಬಂದಿತು. ಅದೇ 2014ರ ಫೆಬ್ರವರಿಯಲ್ಲಿ ಅಮೆರಿಕದ ಆಶರ್ ವೊಲ್ಮರ್ ಮತ್ತು ಗ್ರೆಗ್ ವೋಲ್‌ವೆಂಡ್ ಎಂಬ ಇಬ್ಬರು, ಸಂಗೀತಕ್ಕೆ ಮೂರನೆಯವನೊಬ್ಬನನ್ನು ಸೇರಿಸಿಕೊಂಡು, 'ತ್ರೀಸ್' ಎಂಬ ಅಂಕಿಯಾಟವನ್ನು ಹೊರತಂದರು. ನಾಲ್ಕು ನಾಲ್ಕಲೆ 16 ಮನೆಗಳು. ಒಂದನ್ನೂ ಎರಡನ್ನೂ ಸರಿಸಿ ಸೇರಿಸಿದರೆ ಮೂರು. ಮೂರು ಮೂರು ಸೇರಿ ಆರು. ಆರು ಆರು ಸೇರಿ ಹನ್ನೆರಡು. ಮನೆಗಳು ತುಂಬಿ ಸರಿಸಲು ಎಡೆಯಿಲ್ಲದಾಗ ಆಟ ಮುಗಿಯಿತು. ಇಷ್ಟು ಸರಳವಾದುದನ್ನು ಹದಕ್ಕೆ ತರಲು ಅವರಿಗೆ ಸುಮಾರು 14 ತಿಂಗಳು ಹಿಡಿಯಿತು. ಹೊರಬಂದ ಕೆಲವೇ ವಾರಗಳಲ್ಲಿ ಅದರ ಅನುಕರಣವೂ, ಆ ಅನುಕರಣದ ಅನುಕರಣವೂ ಹುಟ್ಟಿದವು. ಕೊನೆಯದನ್ನು ಮಾರ್ಚಿಯಲ್ಲಿ ಬರೆದವನು ಗೇಬ್ರಿಯೆಲೆ ಚಿರುಲ್ಲಿ ಎಂಬ 19 ವರ್ಷದ ಇಟಲಿಯ ಹುಡುಗ. ಹಿಡಿದದ್ದು ವಾರದ ಕೊನೆಯ ಎರಡು ದಿನ. ಅದೇ '2048'. ಅವನು ಅದನ್ನು ಯಾರು ಬೇಕಾದರೂ ತೆಗೆದುಕೊಳ್ಳಲೆಂದು ತೆರೆದಿಟ್ಟನು. ನಿಮ್ಮ ಮನೆಯ ಫೋನಿನಲ್ಲಿಯೂ ಅದರ ಒಂದು ರೂಪ ಇದ್ದೀತು. 'ತ್ರೀಸ್' ಇರುವುದು ಅಪರೂಪ. ಮೊದಲಿನವರು ನೊಂದು, ತಮ್ಮೊಳಗೆ ಬರೆದುಕೊಂಡ ನೂರಾರು ಪತ್ರಗಳನ್ನು ಪ್ರಕಟಿಸಿ, ಒಂದೊಂದು ಕಟ್ಟಳೆಯನ್ನೂ ಎಷ್ಟು ಸಲ ಕಟ್ಟಿ ಕೆಡವಿದೆವೆಂದು ತೋರಿಸಿದರು.

ಎರಡನ್ನೂ ಆಡಿ ನೋಡಿದರೆ ಅವರ ನೋವು ಬರಿಯ ಹೊಟ್ಟೆಕಿಚ್ಚಲ್ಲವೆಂದು ತಿಳಿಯುತ್ತದೆ. 2048ರಲ್ಲಿ ದೊಡ್ಡ ಅಂಕಿಯನ್ನು ಒಂದು ಮೂಲೆಗೆ ಒತ್ತಿಟ್ಟು, ಎರಡೇ ದಿಕ್ಕುಗಳಿಗೆ ಸರಿಸುತ್ತ ಹೋದರೆ ಬುದ್ಧಿ ಓಡಿಸದೆಯೇ ಬಹುದೂರ ಸಾಗಬಹುದು. 'ತ್ರೀಸ್' ಆ ಸೋಮಾರಿತನಕ್ಕೆ ಎಡೆಕೊಡುವುದಿಲ್ಲ; ಒಂದೂ ಎರಡೂ ಒಂದನ್ನೊಂದು ಹುಡುಕಿಕೊಳ್ಳಬೇಕಾದುದರಿಂದ ಪ್ರತಿ ನಡೆಯಲ್ಲಿಯೂ ಯೋಚನೆ ಬೇಕು. ಹದಿನಾಲ್ಕು ತಿಂಗಳು ಎಲ್ಲಿ ಹೋಯಿತೆಂಬುದು ಆಗ ಕಾಣುತ್ತದೆ. ಹಾಗೆಂದು ಚಿರುಲ್ಲಿಯನ್ನು ಕಳ್ಳನೆನ್ನಲು ನನ್ನ ನಾಲಗೆ ಏಳದು. ಹುಲಿ-ಕುರಿಯ ಗೀರನ್ನು ಪಕ್ಕದ ಊರಿನವನು ನೋಡಿ ತನ್ನ ಕಟ್ಟೆಯ ಮೇಲೆ ಗೀರಿಕೊಂಡಾಗ ಯಾರು ಯಾರನ್ನು ಕೇಳಿದರು? ವ್ಯತ್ಯಾಸವೆಂದರೆ, ಕಟ್ಟೆಯವನ ಅನ್ನ ಆ ಗೀರಿನಲ್ಲಿರಲಿಲ್ಲ. 'ತ್ರೀಸ್' ಕಟ್ಟಿದವರ ಅನ್ನ ಅದರಲ್ಲಿತ್ತು.

ಇದೇ ಅನ್ನದ ಪ್ರಶ್ನೆಗೆ ಮತ್ತೊಂದು ಮುಖ ಲಂಡನ್ನಿನ 'ಮಾನ್ಯುಮೆಂಟ್ ವ್ಯಾಲಿ'. ಚಿಕ್ಕ ತಂಡವೊಂದು 2014ರಲ್ಲಿ ಹೊರತಂದ ಈ ಆಟದಲ್ಲಿ ಒಬ್ಬ ರಾಜಕುಮಾರಿ ಅಸಂಭವವಾದ ಕಟ್ಟಡಗಳ ಮೇಲೆ ನಡೆಯುತ್ತಾಳೆ. ಮೆಟ್ಟಿಲನ್ನು ತಿರುಗಿಸಿದರೆ ಕೆಳಗಿನದು ಮೇಲಾಗಿ ಕೂಡಿಕೊಳ್ಳುತ್ತದೆ. ಹತ್ತು ಅಧ್ಯಾಯ, ಅಲ್ಲಿಗೆ ಮುಗಿಯಿತು. ಬೆಲೆ ಸುಮಾರು ನಾಲ್ಕು ಡಾಲರು; ಜಾಹೀರಾತಿಲ್ಲ, ನಡುವೆ ಕಾಸು ಕೀಳುವುದಿಲ್ಲ. ಎಲ್ಲರೂ ಹೊಗಳಿದರು. ಆದರೆ ಆ ವರ್ಷದ ಕೊನೆಗೆ ಇನ್ನಷ್ಟು ಅಧ್ಯಾಯಗಳನ್ನು ಎರಡು ಡಾಲರಿಗೆ ಮಾರಲು ಇಟ್ಟಾಗ, ಹಣ ಕೇಳಿದರೆಂದು ಸಿಟ್ಟಾಗಿ ಎಷ್ಟೋ ಜನ ಅಂಗಡಿಯಲ್ಲಿ ಒಂದೇ ನಕ್ಷತ್ರ ಕೊಟ್ಟು ಹಳಿದರು. ಆಂಡ್ರಾಯ್ಡಿನಲ್ಲಿ ಇಳಿದ ಪ್ರತಿಗಳಲ್ಲಿ ನೂರಕ್ಕೆ 5 ಮಾತ್ರ ಹಣ ತೆತ್ತು ಪಡೆದವು ಎಂದು ತಂಡದವರು 2015ರ ಜನವರಿಯಲ್ಲಿ ತಿಳಿಸಿದರು. ಕೊಂಡವರೇ ಎರಡು ಫೋನುಗಳಲ್ಲಿ ಇಳಿಸಿಕೊಂಡದ್ದೂ ಈ ಲೆಕ್ಕದಲ್ಲಿ ಸೇರಿದ್ದೀತು. ಒಂದು ಲೋಟ ಚಹಕ್ಕೆ ಮರುಮಾತಿಲ್ಲದೆ ಕೊಡುವ ಕೈ ಆಟಕ್ಕೆ ಕೊಡುವಾಗ ಏಕೆ ಹಿಂಜರಿಯುತ್ತದೆಯೋ ತಿಳಿಯದು. ಹಾಗೆ ಹಿಂಜರಿದ ಕೈಗೆ ಕೊನೆಗೆ ಸಿಗುವುದು ಜಾಹೀರಾತಿನ ಆಟವೇ.

ನಮ್ಮ ದೇಶದ ಸಣ್ಣ ಊರುಗಳಿಗೆ ಈ ಪ್ರವಾಹ ಬಂದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ಅಗ್ಗವಾದ ಮೇಲೆ. ಅದೇ ವರ್ಷ ನವಿ ಮುಂಬಯಿಯಲ್ಲಿ ವಿಕಾಸ್ ಜೈಸ್ವಾಲ್ ಅವರ ಚಿಕ್ಕ ಸಂಸ್ಥೆಯೊಂದು 'ಲೂಡೊ ಕಿಂಗ್' ಹೊರತಂದಿತು. 2020ರ ಲಾಕ್‌ಡೌನಿನಲ್ಲಿ ಊರೂರುಗಳ ಮನೆಗಳಲ್ಲಿ ಅದರದೇ ಸದ್ದು. ಲೂಡೊ ಎಂಬುದು ನಮ್ಮ ಪಚ್ಚೀಸಿಯೇ. ಇಂಗ್ಲೆಂಡಿಗೆ ಹೋಗಿ, 1896ರಲ್ಲಿ ಅಲ್ಲಿ ಪೇಟೆಂಟಾಗಿ, ಹೊಸ ಅಂಗಿ ತೊಟ್ಟು ತವರಿಗೆ ಬಂದ ಮಗಳು. ದೂರದಲ್ಲಿರುವ ಅಣ್ಣ ತಂಗಿಯರು ಒಂದೇ ಮಣೆಯ ಮುಂದೆ ಕುಳಿತಂತೆ ಆಡಿದರಲ್ಲ, ಅದು ಸಣ್ಣ ಉಪಕಾರವಲ್ಲ. ಆದರೆ ಕವಡೆಗೂ ಫೋನಿನ ದಾಳಕ್ಕೂ ನಡುವೆ ಒಂದು ದೊಡ್ಡ ಭೇದವಿದೆ. ಕವಡೆಯನ್ನು ನೀವೇ ಕೈಯಲ್ಲಿ ಕುಲುಕಿ ಚೆಲ್ಲುತ್ತೀರಿ. ಬಿದ್ದ ಗರವನ್ನು ಎಲ್ಲರೂ ಬಗ್ಗಿ ನೋಡುತ್ತಾರೆ. ಫೋನಿನಲ್ಲಿ ದಾಳ ಉರುಳುವುದು ಬರಿಯ ಚಿತ್ರ. ಗರವನ್ನು ಗೊತ್ತುಮಾಡುವುದು ಒಳಗಿನ ಲೆಕ್ಕ. ಆ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯಬಹುದು. ಸೋಲುವವನು ಬೇಸತ್ತು ಎದ್ದುಹೋಗದಂತೆ ಆಗಾಗ ಒಂದು ಆರನ್ನು ಕೊಡುವಂತೆಯೂ ಬರೆಯಬಹುದು. ಹೊರಗಿನಿಂದ ಎರಡೂ ಒಂದೇ ಬಗೆ. ಭಾರತ ಕಥೆಯಲ್ಲಿ ಧರ್ಮರಾಯನು ಸೋತದ್ದು ಆಟ ಬಾರದೆ ಮಾತ್ರವಲ್ಲ, ದಾಳ ಶಕುನಿಯ ಕೈಯಲ್ಲಿತ್ತು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಫೋನಿನ ಆಟದಲ್ಲಿ ದಾಳ ಯಾವಾಗಲೂ ಎದುರಿನವನ ಕೈಯಲ್ಲಿಯೇ. ಆದ್ದರಿಂದ ಅದೃಷ್ಟದ ಆಟವೊಂದರ ಗುಣವೆಂದರೆ ಅದನ್ನು ಕಟ್ಟಿದವನ ಗುಣವೇ ಆಗಿಬಿಡುತ್ತದೆ, ಬೇರೆ ಆಧಾರವಿಲ್ಲ.

ಪಣವಿಲ್ಲದಿದ್ದರೆ ಇದರಿಂದ ಹೆಚ್ಚಿನ ಕೇಡಿಲ್ಲ. ಪಣ ಸೇರಿದಾಗ ಮನೆಗಳು ಮುರಿಯುತ್ತವೆ. ನನಗೆ ಪರಿಚಯದ ಒಬ್ಬ ಗೃಹಸ್ಥರು, ಮಗಳ ಕಾಲೇಜು ಫೀಜಿಗೆಂದು ಇಟ್ಟ ಹಣವನ್ನು ಮಗ ಒಂದು ವಾರದಲ್ಲಿ ಆಟಕ್ಕೆ ಕಟ್ಟಿ ಕಳೆದದ್ದನ್ನು ಹೇಳುವಾಗ ಮಾತು ಮುಂದುವರಿಸಲಾರದೆ ಸುಮ್ಮನಾದರು. ಆ ಹುಡುಗಿ ಒಂದು ವರ್ಷ ಮನೆಯಲ್ಲಿಯೇ ಉಳಿಯಬೇಕಾಯಿತು. ಹಣ ಕಟ್ಟಿ ಆಡುವ ಆಟಗಳನ್ನು ತಡೆಯಲು ನಮ್ಮ ರಾಜ್ಯ 2021ರಲ್ಲಿ ತಂದ ಪೊಲೀಸ್ ಕಾಯಿದೆಯ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವಂತೆ, ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯಿದೆ ಮಾಡಿತು. ಪಣವಿಲ್ಲದ ಸಾಧಾರಣ ಆಟಗಳಿಗೆ ಆ ನಿಷೇಧವಿಲ್ಲ. ಅವುಗಳ ಒಳ್ಳೆಯದು ಕೆಟ್ಟದ್ದನ್ನು ಆರಿಸಿಕೊಳ್ಳುವ ಕೆಲಸವನ್ನು ಯಾವ ಕಾಯಿದೆಯೂ ನಮಗಾಗಿ ಮಾಡಿಕೊಡುವುದಿಲ್ಲ.

ಒಂದು ದಿನ ತರಗತಿಯಲ್ಲಿ, ಆಟ ಬಿಟ್ಟು ಏಕೆ ಏಳುವುದಿಲ್ಲವೆಂದು ಒಬ್ಬ ಹುಡುಗನನ್ನು ಕೇಳಿದೆ. "ಸರ್, ಈ ಆಟಕ್ಕ ಮುಗಿಯೋದಂಬೋದೇ ಇಲ್ರೀ" ಎಂದ. ಅವನ ಉತ್ತರದಲ್ಲಿ ವಿಮರ್ಶೆಯೇ ಇತ್ತು. ನಿಮ್ಮ ಮನೆಯಲ್ಲಿ ರೇಡಿಯೋ ಇದೆ. ಹಾಡೋ ನಾಟಕವೋ ಭಾಷಣವೋ, ಗೊತ್ತಾದ ಹೊತ್ತಿಗೆ "ಇಲ್ಲಿಗೆ ಈ ಕಾರ್ಯಕ್ರಮ ಮುಕ್ತಾಯವಾಯಿತು" ಎಂಬ ಮಾತು ಬರುತ್ತದೆ, ನೀವು ಎದ್ದು ಒಲೆಯ ಕಡೆಗೋ ಹೊಲದ ಕಡೆಗೋ ಹೋಗುತ್ತೀರಿ. ಹುಲಿ ಕಟ್ಟಿಬಿದ್ದರೆ ಆಟ ಮುಗಿಯಿತು. ಕಾಯಿ ನಡುಮನೆಗೆ ಸೇರಿದರೆ ಆಟ ಮುಗಿಯಿತು. ಮುಗಿಯದ ಆಟವನ್ನು ಹಿಂದಿನವರು ಕಲ್ಪಿಸಲೇ ಇಲ್ಲ. ಮುಗಿಯುವ ಆಟ ಫೋನಿನಲ್ಲಿಯೂ ಸಾಧ್ಯವೆಂಬುದಕ್ಕೆ ಜಾಷ್ ವಾರ್ಡಲ್ ಎಂಬುವನು ಕಟ್ಟಿದ 'ವರ್ಡಲ್' ಸಾಕ್ಷಿ. ಪದದಾಟಗಳನ್ನು ಮೆಚ್ಚುವ ತನ್ನ ಸಂಗಾತಿ ಪಾಲಕ್ ಶಾ ಅವರಿಗಾಗಿ ಕಟ್ಟಿದ್ದು ಅದು. ಐದಕ್ಷರದ ಒಂದು ಇಂಗ್ಲಿಷ್ ಪದವನ್ನು ಆರು ಯತ್ನಗಳಲ್ಲಿ ಊಹಿಸಬೇಕು. ಸರಿಯಾದ ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಬೇರೆ ಮನೆಯಲ್ಲಿದ್ದರೆ ಹಳದಿ. ದಿನಕ್ಕೆ ಒಂದೇ ಪದ. ಮತ್ತೆ ಆಡಬೇಕೆಂದರೆ ನಾಳೆ ಬನ್ನಿ. ಆಗ ಜಾಹೀರಾತು ಇರಲಿಲ್ಲ. 2021ರ ನವೆಂಬರ್ 1ರಂದು ಆಡಿದವರು 90 ಜನ. ಎರಡು ತಿಂಗಳಿಗೆ 3 ಲಕ್ಷ. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡಿತು. ಜನರನ್ನು ಕಳಿಸಿಕೊಟ್ಟ ಆಟಕ್ಕೇ ಜನ ಮರುದಿನ ತಾವಾಗಿ ಬಂದರು.

ಹಾಗಾದರೆ ಸ್ವತಂತ್ರವಾಗಿ ಕಟ್ಟಿದ್ದೆಲ್ಲ ಚೆನ್ನವೆ? ಖಂಡಿತ ಅಲ್ಲ. ಅಂಗಡಿಯಲ್ಲಿರುವ ಒಂಟಿ ಕೈಯ ಆಟಗಳಲ್ಲಿ ಬಹುಪಾಲು ಅವಸರದ ನಕಲುಗಳು. ಚಿತ್ರ ಒಬ್ಬರದು, ಯುಕ್ತಿ ಮತ್ತೊಬ್ಬರದು, ಜಾಹೀರಾತು ಮಾತ್ರ ಸ್ವಂತದ್ದು. ಮನೆಯಲ್ಲಿ ಮಗುವಿನ ಕೈಗೆ ಫೋನು ಕೊಡುವ ಮೊದಲು ತಾಯಿತಂದೆಯರು ಆ ಆಟವನ್ನು ತಾವೇ ಕಾಲು ಗಂಟೆ ಆಡಿ ನೋಡುವುದು ಒಳ್ಳೆಯದು. ಸೋತಾಗ ಏಕೆ ಸೋತೆನೆಂದು ನಿಮಗೆ ತಿಳಿಯಿತೆ? ಇಂಟರ್‌ನೆಟ್ಟನ್ನು ಆರಿಸಿದರೂ ಆಟ ನಡೆಯಿತೆ? ಅದು ನಿಮ್ಮನ್ನು ಎಬ್ಬಿಸಿ ಕಳಿಸಿತೆ, ಇಲ್ಲವೆ "ನಾಳೆ ಬಾರದಿದ್ದರೆ ಗಳಿಸಿದ್ದೆಲ್ಲ ಹೋಯಿತು" ಎಂದು ಬೆದರಿಸಿತೆ? ಸಾಲಗಾರನಂತೆ ಬಾಗಿಲು ಬಡಿಯುವ ಆಟಗಳನ್ನು ನಾನಂತೂ ಅಳಿಸಿಬಿಡುತ್ತೇನೆ. ಒಮ್ಮೆ ಬೆಲೆ ಕೊಟ್ಟು ಕೊಂಡರೆ ಮತ್ತೆ ಕೇಳದ ಆಟ ಸಿಕ್ಕರೆ ಆ ಬೆಲೆಯನ್ನು ಕೊಡುವುದರಲ್ಲಿ ಜಿಪುಣತನ ಮಾಡಬಾರದು.

ಇಷ್ಟು ಹೇಳಿದ ಮೇಲೆ ಕನ್ನಡದ ಮಾತೊಂದು ಉಳಿಯಿತು. ನಮ್ಮ ಊರುಗಳಲ್ಲಿ ಕಂಪ್ಯೂಟರ್ ಕಲಿತ ತರುಣರಿಗೆ ಕೊರತೆಯಿಲ್ಲ. ಅವರಲ್ಲಿ ಒಬ್ಬರು ಕನ್ನಡದಲ್ಲಿ ವರ್ಡಲ್‌ನಂತಹ ಪದದಾಟ ಕಟ್ಟಲು ಕುಳಿತರೆ ಮೊದಲನೆಯ ದಿನವೇ ಒಂದು ತೊಡಕು ಎದುರಾಗುತ್ತದೆ. 'ಸ್ತ್ರೀ' ಎಂಬುದು ಎಷ್ಟು ಅಕ್ಷರ? ಯಂತ್ರವನ್ನು ಕೇಳಿದರೆ ಆರು ಎನ್ನುತ್ತದೆ: ಸ, ವಿರಾಮ, ತ, ವಿರಾಮ, ರ, ಈಕಾರದ ಗುಣಿತ. ವ್ಯಾಕರಣವನ್ನು ಕೇಳಿದರೆ ಮೂರು ವ್ಯಂಜನ ಒಂದು ಸ್ವರ, ಒಟ್ಟು ನಾಲ್ಕು ವರ್ಣ. ಯಂತ್ರದ ಮಾತು ನಂಬಿ ಆರು ಮನೆ ಮಾಡಿದರೆ ಒಂದು ಮನೆಯಲ್ಲಿ ಬರಿಯ ವಿರಾಮಚಿಹ್ನೆ ಬಂದು ಕೂಡುತ್ತದೆ. ಆಡುವವನಿಗೆ ತಲೆಬುಡ ತಿಳಿಯದು. ಆದರೆ ತುರಗಪದಬಂಧದ ಮಣೆಯಲ್ಲಿ ಕವಿಗಳು ಇದನ್ನು ಸಾವಿರ ವರ್ಷಗಳ ಹಿಂದೆಯೇ ತೀರ್ಮಾನಿಸಿದ್ದಾರೆ. ಛಂದಸ್ಸಿನ ಲೆಕ್ಕದಲ್ಲಿ ಸ್ವರ ಒಂದಾದರೆ ಅಕ್ಷರ ಒಂದು, ಅಕ್ಷರ ಒಂದಾದರೆ ಮನೆ ಒಂದು. ಎಷ್ಟು ಒತ್ತುಗಳಿದ್ದರೂ 'ಸ್ತ್ರೀ' ಒಂದೇ ಮನೆಯಲ್ಲಿ ಕೂಡುತ್ತದೆ. ಆಟ ಕಟ್ಟುವವರು ಮಾಡಬೇಕಾದುದು ಇಷ್ಟು: ಆಡುವವನು ಒಂದೊಂದೇ ಕೀಲಿ ಒತ್ತುತ್ತಿರುವಾಗ ವ್ಯಂಜನದ ಮೇಲೆ ವಿರಾಮ ಬಿದ್ದಿದ್ದರೆ ಮನೆಯನ್ನು ಮುಚ್ಚದೆ ಕಾಯಬೇಕು, ಮುಂದಿನ ಅಕ್ಷರದ ಕೀಲಿ ಬಿದ್ದರೆ ಆ ಮನೆ ತುಂಬಿತೆಂದು ತಿಳಿದು ಪಕ್ಕದ ಮನೆಗೆ ಸರಿಯಬೇಕು. ಮೂರು ಮನೆಯ ಪದಗಳಿಂದ ಆರಂಭಿಸಿದರೆ ಮಕ್ಕಳಿಗೂ ಎಟುಕುತ್ತದೆ. ಹಸಿರು ಹಳದಿಗಳ ಜೊತೆಗೆ ಇನ್ನೊಂದು ಬಣ್ಣ ಬೇಕಾದೀತು: ಮೂಲ ವ್ಯಂಜನ ಸರಿಯಾಗಿದ್ದು ಗುಣಿತ ಮಾತ್ರ ತಪ್ಪಿದಾಗ, 'ಕಿ'ಗೆ ಬದಲು 'ಕೀ' ಬರೆದಾಗ, ತೋರಿಸಲು.